ಬಾವಿ ಮೋಟರಿಗೆ ರಿಲೇ: ಕಟ್ಟಿದ್ದು, ಅಂಟಿಕೊಂಡಿದ್ದು, ಮತ್ತೆ ಕಟ್ಟಿದ್ದು

ನಮ್ಮ ಮನೆ ಇರುವುದು ಸುಂಟಿಕೊಪ್ಪದ ಹತ್ತಿರ, ಕಾಫಿ ತೋಟದ ಏರಿನಲ್ಲಿ. ಬಾವಿ ಕೆಳಗೆ, ಗದ್ದೆ ಅಂಚಿನಲ್ಲಿ. ಪಕ್ಕದ ಶೆಡ್ಡಿನಲ್ಲಿ ಅರ್ಧ ಎಚ್‌ಪಿ ಮೋಟರ್. ಮೀಟರ್ ಕೂಡ ಅಲ್ಲೇ ಇರುವುದರಿಂದ ಮೋಟರ್ ಹಾಕಲು ಒಮ್ಮೆ ಇಳಿಯಬೇಕು, ಟ್ಯಾಂಕ್ ತುಂಬಿದ ಮೇಲೆ ಆಫ್ ಮಾಡಲು ಮತ್ತೊಮ್ಮೆ ಇಳಿಯಬೇಕು. ಬೇಸಿಗೆಯಲ್ಲಿ ಅದೇನು ದೊಡ್ಡ ಕೆಲಸವಲ್ಲ. ಜೂನ್ ಬಂತೆಂದರೆ ದಾರಿ ಪಾಚಿ ಕಟ್ಟುತ್ತದೆ, ಕಾಲಿಗೆ ಜಿಗಣೆ ಹತ್ತುತ್ತವೆ, ಕೊಡೆ ಹಿಡಿದರೂ ಅರ್ಧ ನೆನೆದೇ ಬರಬೇಕು. ಹೋದ ಮಳೆಗಾಲದಲ್ಲಿ ಅಮ್ಮ ಆ ದಾರಿಯಲ್ಲಿ ಜಾರಿ ಬಿದ್ದು ಮಣಿಕಟ್ಟು ಉಳುಕಿಸಿಕೊಂಡರು. ಮುಂದಿನ ಮಳೆಯೊಳಗೆ ಮೋಟರ್ ತಾನಾಗಿ ಆನ್ ಆಗಬೇಕು, ತಾನಾಗಿ ಆಫ್ ಆಗಬೇಕು ಅಂತ ಅವತ್ತೇ ನಿರ್ಧಾರ ಮಾಡಿದೆ.

ಯೋಜನೆ ಸರಳ. ಟ್ಯಾಂಕಿನಲ್ಲಿ ಮೇಲೊಂದು, ಕೆಳಗೊಂದು ಫ್ಲೋಟ್ ಸ್ವಿಚ್, ಅಂದರೆ ನೀರಿನ ಮಟ್ಟಕ್ಕೆ ತೇಲಿ ಆನ್ ಆಫ್ ಆಗುವ ಸ್ವಿಚ್. ಅಲ್ಲಿಂದ ಶೆಡ್ಡಿನವರೆಗೆ ಎಂಟು ಎಳೆಯ ಲ್ಯಾನ್ ಕೇಬಲ್. ಶೆಡ್ಡಿನಲ್ಲಿ ಆರ್ಡುಯಿನೋ ನ್ಯಾನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರ ಮುಂದೆ ರಿಲೇ, ಅಂದರೆ ಸಣ್ಣ ಕರೆಂಟ್ ಕೊಟ್ಟರೆ ತಾನೇ ಆನ್ ಆಗುವ ಸ್ವಿಚ್. ಬರೀ ಎರಡು ಫ್ಲೋಟಿಗೆ ಆರ್ಡುಯಿನೋ ಬೇಕಿಲ್ಲ, ನಿಜ. ಆದರೆ ನನಗೆ ಇನ್ನೆರಡು ಕೆಲಸ ಆಗಬೇಕಿತ್ತು. ಕರೆಂಟ್ ಹೋಗಿ ಬಂದರೆ ಮೂರು ನಿಮಿಷ ಸುಮ್ನೆ ಕಾಯಬೇಕು. 50 ನಿಮಿಷದಲ್ಲಿ ಟ್ಯಾಂಕ್ ತುಂಬದಿದ್ದರೆ ಎಲ್ಲೋ ಪೈಪ್ ಬಿಟ್ಟಿದೆ ಅಂತ ತಿಳಿದು ಮೋಟರ್ ನಿಲ್ಲಿಸಬೇಕು. ಪ್ರೋಗ್ರಾಂ ಒಂದು ಸಂಜೆಯಲ್ಲಿ ಮುಗಿಯಿತು. ಉಳಿದ ಎರಡು ತಿಂಗಳು ಹೋಗಿದ್ದು ರಿಲೇಗೆ. ಹಾಗಾಗಿ ಇಲ್ಲಿ ಬರೆಯುವುದೂ ಅದರ ಬಗ್ಗೆಯೇ.

ಅಪ್ಪ ಮೇಜಿನ ಮೇಲಿದ್ದ ನೀಲಿ ರಿಲೇಯನ್ನು ಬೆರಳಲ್ಲಿ ತಿರುಗಿಸಿ ನೋಡಿ, “ಅಲ್ಲ ಮಗ, ಈ ಬೆಲ್ಲದ ಚೂರಿನಷ್ಟು ಡಬ್ಬಿ ಮೋಟರ್ ಎಳೆಯುತ್ತಾ?” ಅಂದರು. ಎಳೆಯುವುದು ಇದಲ್ಲ, ಇದು ಸ್ವಿಚ್ ಒತ್ತುವ ಬೆರಳು ಅಷ್ಟೇ ಅಂದೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಶುರು ಮಾಡಿದ ಅಂಚೆ ಅಪ್ಪನಿಗೆ ಗೊತ್ತು. ಒಬ್ಬ ಓಟಗಾರ ತನ್ನ ಪಾಲಿನ ದಾರಿ ಓಡಿ, ಚೀಲವನ್ನು ಮುಂದಿನವನಿಗೆ ಕೊಡುತ್ತಿದ್ದ. ಅವನು ಹೊಸ ಬಲದಲ್ಲಿ ಮುಂದೆ ಓಡುತ್ತಿದ್ದ. ಟೆಲಿಗ್ರಾಫ್ ಕಾಲದಲ್ಲಿ ರಿಲೇ ಮಾಡಿದ್ದೂ ಇದನ್ನೇ. ಉದ್ದದ ತಂತಿಯಲ್ಲಿ ಬಂದು ಸೊರಗಿದ ಕರೆಂಟ್ ಒಂದು ಸಣ್ಣ ಕಾಂಟ್ಯಾಕ್ಟ್ ಮುಚ್ಚಿದರೆ ಸಾಕು, ಅಲ್ಲಿರುವ ಹೊಸ ಬ್ಯಾಟರಿ ಸುದ್ದಿಯನ್ನು ಮುಂದಕ್ಕೆ ಕಳಿಸುತ್ತದೆ. ಅಪ್ಪ ತಲೆಯಾಡಿಸಿದರು. ಆದರೆ ಅವರ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ನನಗೆ ಗೊತ್ತಾಗಿದ್ದು ಜುಲೈಯಲ್ಲಿ.

ಮೊದಲು ಮೇಜಿನ ಮೇಲೆ ನಡೆದದ್ದು. ನನ್ನ ಹತ್ತಿರ ಇದ್ದದ್ದು 5 ವೋಲ್ಟಿನ ರಿಲೇ. ಅದರ ಕಾಯಿಲ್, ಅಂದರೆ ಕಾಂಟ್ಯಾಕ್ಟನ್ನು ಎಳೆಯುವ ತಂತಿಯ ಸುರುಳಿ, ಸುಮಾರು 70 ಓಮ್. ಅಂದರೆ 71 ಮಿಲಿಆಂಪ್ ಬೇಕು. ಆರ್ಡುಯಿನೋ ಪಿನ್ನಿನಿಂದ 20 ಮಿಲಿಆಂಪಿಗಿಂತ ಜಾಸ್ತಿ ಎಳೆಯಬಾರದು, 40 ದಾಟಿದರೆ ಚಿಪ್ಪಿಗೇ ಪೆಟ್ಟು. ಅದಕ್ಕೇ ನಡುವೆ ಒಂದು ಟ್ರಾನ್ಸಿಸ್ಟರ್ ಬೇಕು, ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟಿಗೆ ದಾರಿ ಬಿಡುವಂಥದ್ದು. ಡ್ರಾಯರಿನಲ್ಲಿ ಬಿಸಿ547 ಅನ್ನುವ ಟ್ರಾನ್ಸಿಸ್ಟರ್ ಇತ್ತು, ಹಾಕಿದೆ. ಅದರ ಬೇಸ್‌ಗೆ, ಅಂದರೆ ಅದನ್ನು ಆನ್ ಮಾಡುವ ಕಾಲಿಗೆ, ಕೈಗೆ ಸಿಕ್ಕಿದ 10 ಕೆ (10,000 ಓಮ್) ರೆಸಿಸ್ಟರ್ ಹಾಕಿದೆ.

ರಿಲೇ ಒಮ್ಮೆ ಟಿಕ್ ಅಂದಿತು, ಮತ್ತೊಮ್ಮೆ ಅನ್ನಲಿಲ್ಲ. ಮೇಜು ಅಲುಗಿಸಿದರೆ ಅಂದಿತು. ಇದು ಎಲ್ಲಕ್ಕಿಂತ ಕೆಟ್ಟ ಸ್ಥಿತಿ, ಯಾಕೆಂದರೆ ಕೆಲಸ ಮಾಡುತ್ತಿದೆ ಅಂತ ನಂಬುವ ಹಾಗಿರುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿದರೆ ಕಾಯಿಲ್ ಮೇಲೆ 3.4 ವೋಲ್ಟ್ ಮಾತ್ರ. ಈ ರಿಲೇ ಖಚಿತವಾಗಿ ಎಳೆಯಬೇಕಾದರೆ 5ರ ಶೇಕಡಾ 75, ಅಂದರೆ 3.75 ವೋಲ್ಟ್ ಆದರೂ ಸಿಗಬೇಕು. ಉಳಿದ 1.6 ವೋಲ್ಟ್ ಟ್ರಾನ್ಸಿಸ್ಟರಿನಲ್ಲೇ ನಿಂತುಬಿಟ್ಟಿದೆ. ಲೆಕ್ಕ ಹಾಕಿದೆ. 10 ಕೆ ಮೂಲಕ ಬೇಸ್‌ಗೆ ಹೋಗುವುದು 0.43 ಮಿಲಿಆಂಪ್. ಇಷ್ಟರಲ್ಲಿ 71 ಮಿಲಿಆಂಪ್ ಎಳೆಯಲು ಟ್ರಾನ್ಸಿಸ್ಟರಿನ ಗೇನ್, ಅಂದರೆ ಬೇಸ್ ಕರೆಂಟಿನ ಎಷ್ಟು ಪಟ್ಟು ಬಿಡುತ್ತದೆ ಅನ್ನುವುದು, 165 ಇರಬೇಕು. ನನ್ನದು ‘ಎ’ ಗುಂಪಿನದು, 110ರಿಂದ 220ರೊಳಗೆ ಎಲ್ಲಾದರೂ ಇರಬಹುದು. ಅದೃಷ್ಟದ ಮೇಲೆ ಸರ್ಕ್ಯೂಟ್ ಕಟ್ಟಬಾರದು. ಸ್ವಿಚ್ ಥರ ಬಳಸುವಾಗ ಗೇನ್ ಬರೀ 10ರಿಂದ 20 ಅಂತ ಹಿಡಿದು ಬೇಸ್‌ಗೆ ಕರೆಂಟ್ ಕೊಡಬೇಕು. 1 ಕೆ ಹಾಕಿದೆ. ಬೇಸ್‌ಗೆ 4.3 ಮಿಲಿಆಂಪ್, ಕಾಯಿಲಿಗೆ 4.8 ವೋಲ್ಟ್. ಟಿಕ್ ಸದ್ದು ಗಟ್ಟಿಯಾಯಿತು. ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಎರಡನೇ ತಪ್ಪು ಡಯೋಡಿನದು, ಅಂದರೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಬಿಡಿಭಾಗದ್ದು. ಆಮೇಲೆ ಹಾಕಿದರಾಯಿತು ಅಂತ ಬಿಟ್ಟಿದ್ದೆ. ಇಪ್ಪತ್ತೋ ಮೂವತ್ತೋ ಸಲ ಆನ್ ಆಫ್ ಮಾಡಿದ ಮೇಲೆ ರಿಲೇ ಆನ್ ಆಗಿಯೇ ಉಳಿಯಿತು. ಪಿನ್ನಿನಲ್ಲಿ ಸೊನ್ನೆ ವೋಲ್ಟ್, ಆದರೂ ಆನ್. ಟ್ರಾನ್ಸಿಸ್ಟರ್ ತೆಗೆದು ನೋಡಿದರೆ ಅದರ ಉಳಿದೆರಡು ಕಾಲು, ಕಲೆಕ್ಟರ್ ಎಮಿಟರ್, ಒಂದಕ್ಕೊಂದು ಶಾರ್ಟ್.

ನೀರಿನ ಮೋಟರ್ ಇರುವ ಮನೆಯವರಿಗೆ ಇದನ್ನು ಹೇಳುವುದು ಸುಲಭ. ಪೈಪಿನಲ್ಲಿ ನೀರು ಜೋರಾಗಿ ಹರಿಯುವಾಗ ಗೇಟ್‌ವಾಲ್ವ್ ಥಟ್ಟನೆ ಮುಚ್ಚಿದರೆ ಪೈಪ್ ಧಡ್ ಅಂತ ಬಡಿದುಕೊಳ್ಳುತ್ತದೆ, ಅಲ್ವಾ? ಹರಿಯುವ ನೀರಿಗೆ ತಕ್ಷಣ ನಿಲ್ಲಲು ಆಗುವುದಿಲ್ಲ. ಕಾಯಿಲಿನ ಕರೆಂಟೂ ಹಾಗೆಯೇ. ಟ್ರಾನ್ಸಿಸ್ಟರ್ ದಾರಿ ಮುಚ್ಚಿದ ಕೂಡಲೇ ಅದು ವೋಲ್ಟೇಜನ್ನು ಏರಿಸಿಕೊಂಡು ಹೇಗಾದರೂ ನುಗ್ಗಲು ನೋಡುತ್ತದೆ. 5 ವೋಲ್ಟಿನ ರಿಲೇ ನೂರಾರು ವೋಲ್ಟ್ ಎಬ್ಬಿಸಬಲ್ಲದು. ಬಿಸಿ547 ತಡೆಯುವುದು 45 ವೋಲ್ಟ್. ಒಂದು 1ಎನ್4007 ಡಯೋಡನ್ನು ಕಾಯಿಲಿಗೆ ಅಡ್ಡ ಹಾಕಿ, ಬಿಳಿ ಪಟ್ಟಿಯ ತುದಿ ಪ್ಲಸ್ ಕಡೆ ಇರಲಿ. ಆಗ ಆ ಕರೆಂಟ್ ಡಯೋಡಿನಲ್ಲೇ ಸುತ್ತಿ ಸುತ್ತಿ ತಣ್ಣಗಾಗುತ್ತದೆ. ಪಟ್ಟಿ ತಿರುಗಾಮುರುಗಾ ಆದರೆ ಆನ್ ಮಾಡಿದ ಕ್ಷಣವೇ ಟ್ರಾನ್ಸಿಸ್ಟರಿಗೆ ಶಾರ್ಟ್. ಬೆಸುಗೆ ಹಾಕುವ ಮೊದಲು ಎರಡು ಸಲ ನೋಡಿ. ಡಯೋಡ್ ಇದ್ದರೆ ರಿಲೇ ಬಿಡುವುದು ಒಂದೆರಡು ಮಿಲಿಸೆಕೆಂಡ್ ತಡವಾಗುತ್ತದೆ. ನೀರಿನ ಮೋಟರಿಗೆ ಅದು ಲೆಕ್ಕಕ್ಕಿಲ್ಲ.

ಕೊನೆಗೆ 5 ವೋಲ್ಟಿನ ರಿಲೇಯನ್ನೇ ಬಿಟ್ಟೆ. ಮೈಸೂರಿಗೆ ಹೋದಾಗ 12 ವೋಲ್ಟಿನದು ತಂದೆ. ಅದರ ಕಾಯಿಲ್ 400 ಓಮ್, ಬರೀ 30 ಮಿಲಿಆಂಪ್. ಆರ್ಡುಯಿನೋದ 5 ವೋಲ್ಟ್ ಲೈನನ್ನು ರಿಲೇ ಮುಟ್ಟುವುದೇ ಇಲ್ಲ. 12 ವೋಲ್ಟ್ ಅಡಾಪ್ಟರ್, ಅದರಿಂದ ರಿಲೇಗೆ ನೇರ, ಆರ್ಡುಯಿನೋಗೆ 12ನ್ನು 5 ವೋಲ್ಟಿಗೆ ಇಳಿಸುವ 7805 ಚಿಪ್ ಮೂಲಕ. ಟ್ರಾನ್ಸಿಸ್ಟರೂ ಬಿಸಿ337 ಮಾಡಿದೆ, ಅದು 800 ಮಿಲಿಆಂಪ್ ತಾಳುತ್ತದೆ. ಬೇಸಿನಿಂದ ಗ್ರೌಂಡಿಗೆ ಒಂದು 10 ಕೆ. ಆರ್ಡುಯಿನೋ ಎಚ್ಚರಗೊಳ್ಳುವಾಗ ಪಿನ್ ಯಾವ ಕಡೆಯೂ ಇರುವುದಿಲ್ಲ, ಆ ಹೊತ್ತಿನಲ್ಲಿ ರಿಲೇ ಸುಮ್ನೆ ಎಳೆಯದಿರಲಿ ಅಂತ. ನಾಲ್ಕೈದು ರಿಲೇ ಬೇಕಾದವರು ಯುಎಲ್‌ಎನ್2003 ಚಿಪ್ ತಗೊಳ್ಳಿ. ಒಳಗೆ ಏಳು ಡ್ರೈವರ್ ಇವೆ, ಬೇಸ್ ರೆಸಿಸ್ಟರ್, ಡಯೋಡ್ ಎರಡೂ ಒಳಗೇ ಇವೆ. 9ನೇ ಪಿನ್ನನ್ನು ರಿಲೇಯ ಪ್ಲಸ್ಸಿಗೆ ಕೊಡಲು ಮಾತ್ರ ಮರೆಯಬೇಡಿ. ಕೊಡದಿದ್ದರೆ ಒಳಗಿನ ಡಯೋಡ್ ಇದ್ದೂ ಇಲ್ಲದ ಹಾಗೆ.

ಜೂನ್ ಕೊನೆಯಲ್ಲಿ ಶೆಡ್ಡಿನಲ್ಲಿ ಕೂರಿಸಿದೆ. ಮೋಟರಿನ ಫೇಸ್ ತಂತಿ ರಿಲೇಯ ಕಾಮನ್‌ಗೆ, ಎನ್‌ಒ (ರಿಲೇ ಸುಮ್ಮನಿದ್ದಾಗ ತೆರೆದಿರುವ) ತುದಿಯಿಂದ ಮೋಟರಿಗೆ. ಆರ್ಡುಯಿನೋ ಸತ್ತರೂ ಮೋಟರ್ ಆಫ್ ಆಗಿಯೇ ಇರಬೇಕು, ಅದಕ್ಕೆ ಎನ್‌ಒ. ರಿಲೇ ಮೇಲೆ 10 ಆಂಪ್ 250 ವೋಲ್ಟ್ ಅಂತ ಬರೆದಿತ್ತು. ಕ್ಲ್ಯಾಂಪ್ ಮೀಟರಿನಲ್ಲಿ ಮೋಟರ್ 3.6 ಆಂಪ್ ತೋರಿಸಿತು. ಬೇಕಾದಷ್ಟು ಅಂತರ ಇದೆ ಅಂತ ಧೈರ್ಯದಲ್ಲಿದ್ದೆ. ಅಮ್ಮ ಹನ್ನೊಂದು ದಿನ ಬಾವಿ ಕಡೆ ಇಳಿಯಲಿಲ್ಲ.

ಹನ್ನೆರಡನೇ ದಿನ ಬೆಳಗ್ಗೆ ಟ್ಯಾಂಕಿನ ಬುಡದ ಮಣ್ಣು ಕೊಚ್ಚಿಹೋಗಿತ್ತು. ರಾತ್ರಿಯಿಡೀ ಟ್ಯಾಂಕ್ ತುಂಬಿ ಹರಿದಿದೆ. ಹೊರಗೆ ಜಡಿಮಳೆ, ಹಂಚಿನ ಮೇಲಿನ ಸದ್ದಿನಲ್ಲಿ ಟ್ಯಾಂಕ್ ಉಕ್ಕುವ ಸದ್ದು ಯಾರಿಗೆ ಕೇಳಬೇಕು? ಓಡಿ ಇಳಿದೆ. ಶೆಡ್ಡಿನಲ್ಲಿ ಮೋಟರ್ ಗುಂಯ್ ಅನ್ನುತ್ತಿದೆ. ಪೆಟ್ಟಿಗೆಯಲ್ಲಿ ರಿಲೇಯ ಎಲ್‌ಇಡಿ ಆರಿದೆ. ಕಾಯಿಲ್ ಮೇಲೆ ಸೊನ್ನೆ ವೋಲ್ಟ್. ಆರ್ಡುಯಿನೋ ತನ್ನ ಕೆಲಸ ಮಾಡಿದೆ, ಟ್ರಾನ್ಸಿಸ್ಟರೂ ಮಾಡಿದೆ. ಮೋಟರ್ ಮಾತ್ರ ನಿಂತಿಲ್ಲ.

ಮೈನ್ ಸ್ವಿಚ್ ಆಫ್ ಮಾಡಿ ರಿಲೇ ಬಿಚ್ಚಿಕೊಂಡು ಬಂದೆ. ನೀಲಿ ಮುಚ್ಚಳವನ್ನು ಬ್ಲೇಡಿನಿಂದ ಸುತ್ತ ಗೀರಿ ಎಬ್ಬಿಸಿದೆ. ಒಳಗೆ ತಾಮ್ರದ ತಂತಿಯ ಉರುಳೆ, ಅದರ ನೆತ್ತಿಯ ಮೇಲೆ ಕಬ್ಬಿಣದ ಪುಟ್ಟ ತಗಡು, ಪಕ್ಕದಲ್ಲಿ ಕೂದಲಿನಷ್ಟು ತೆಳುವಾದ ಸ್ಪ್ರಿಂಗ್. ತಗಡು ಮೇಲೇಳಬೇಕಿತ್ತು, ಎದ್ದಿರಲಿಲ್ಲ. ಕಾಂಟ್ಯಾಕ್ಟಿನ ಎರಡು ಗುಂಡಿಗಳು ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವು. ಸುತ್ತಲೂ ಮಸಿ. ಟಾರ್ಚ್ ಬಿಟ್ಟು ನೋಡಿದರೆ ನಡುವೆ ಒಂದು ಕಡೆ ಲೋಹ ಕರಗಿ ಸೇರಿಕೊಂಡಿರುವುದು ಕಾಣಿಸಿತು. ಸೂಜಿಯ ತುದಿಯಿಂದ ಮೀಟಿದೆ. ಚಿಟ್ ಅಂತ ಬಿಟ್ಟುಕೊಂಡಿತು. ಒಂದು ಗುಂಡಿಯಲ್ಲಿ ಗುಳಿ, ಇನ್ನೊಂದರಲ್ಲಿ ಅಷ್ಟೇ ಗಾತ್ರದ ಗುಬುಟು.

ಅಲ್ಲಿ ಬರೆದಿರುವ 10 ಆಂಪ್ ಬಲ್ಬು, ಹೀಟರ್ ಥರದ ಲೋಡಿಗೆ. ಮೋಟರ್ ಹಾಗಲ್ಲ. ನಿಂತ ಮೋಟರ್ ತಿರುಗಲು ಶುರು ಮಾಡುವಾಗ ಓಡುವಾಗಿನ ಐದಾರು ಪಟ್ಟು ಎಳೆಯುತ್ತದೆ. ನನ್ನದರಲ್ಲಿ ಅದು 20 ಆಂಪಿನ ಆಸುಪಾಸು. ಕಾಂಟ್ಯಾಕ್ಟ್ ಮುಚ್ಚುವಾಗ ಒಂದೇ ಸಲ ಕೂರುವುದಿಲ್ಲ, ಮಿಲಿಸೆಕೆಂಡುಗಳಲ್ಲಿ ನಾಲ್ಕಾರು ಸಲ ಪುಟಿಯುತ್ತದೆ. ಪ್ರತಿ ಪುಟಿತಕ್ಕೂ ಒಂದು ಕಿಡಿ, ಪ್ರತಿ ಕಿಡಿಗೂ ಚೂರು ಲೋಹ ಕರಗುತ್ತದೆ. ಕರಗಿದ ಮೇಲೆ ಒತ್ತಿ ಹಿಡಿದರೆ ಅದು ಬೆಸುಗೆಯೇ. ಬಿಡಿಸಲು ಇರುವುದು ಆ ಕೂದಲೆಳೆ ಸ್ಪ್ರಿಂಗ್ ಮಾತ್ರ. ಬೆಲ್ಲದ ಚೂರಿನಷ್ಟು ಡಬ್ಬಿ ಎಳೆಯುತ್ತಾ ಅಂತ ಅಪ್ಪ ಕೇಳಿದ್ದರಲ್ಲ, ಉತ್ತರ ಆ ಗುಳಿಯಲ್ಲಿತ್ತು.

ಊರಿನ ವೈರಿಂಗ್ ಅಣ್ಣನಿಗೆ ತೋರಿಸಿದೆ. ಅವರು ಮುಟ್ಟಲೂ ಇಲ್ಲ. “ಮೋಟರಿಗೆ ಕಾಂಟ್ಯಾಕ್ಟರ್ ಹಾಕಿ. ನಿಮ್ಮ ಈ ಡಬ್ಬಿ ಕಾಂಟ್ಯಾಕ್ಟರನ್ನ ಎಬ್ಬಿಸಲಿ, ಅಷ್ಟೇ ಅದರ ಕೆಲಸ” ಅಂದರು. ಇಷ್ಟು ಚೆನ್ನಾಗಿ ನನಗೆ ಯಾವ ಡೇಟಾಶೀಟೂ ಹೇಳಿರಲಿಲ್ಲ.

ಕಾಂಟ್ಯಾಕ್ಟರ್ ಅಂದರೆ ಅದೂ ದೊಡ್ಡ ರಿಲೇಯೇ. ಕೊಳ್ಳುವಾಗ ಎಸಿ-3 ಅಂತ ಬರೆದ ಆಂಪ್ ನೋಡಬೇಕು, ಮೋಟರಿಗೆ ಲೆಕ್ಕ ಅದೇ. ಎಸಿ-1 ಅಂತ ಇರುವ ದೊಡ್ಡ ಸಂಖ್ಯೆ ಹೀಟರಿಗೆ. ನಾನು ತಂದದ್ದು ಎಸಿ-3 ಪ್ರಕಾರ 9 ಆಂಪಿನದು, ಕಾಯಿಲ್ 230 ವೋಲ್ಟ್. ಈಗ ಫೇಸ್, ನ್ಯೂಟ್ರಲ್ ಎರಡೂ ಕಾಂಟ್ಯಾಕ್ಟರಿನಲ್ಲೇ ಕತ್ತರಿಸುತ್ತವೆ. ನನ್ನ ನೀಲಿ ರಿಲೇ ಕಾಂಟ್ಯಾಕ್ಟರಿನ ಎ1 ಎ2 ಕಾಯಿಲಿಗೆ ಮಾತ್ರ ಕರೆಂಟ್ ಕೊಡುತ್ತದೆ. ಹಿಡಿದ ಮೇಲೆ ಆ ಕಾಯಿಲ್ ಎಳೆಯುವುದು ಅರ್ಧ ಆಂಪಿನ ಹತ್ತನೇ ಒಂದು ಭಾಗವೂ ಇಲ್ಲ. ಆರ್ಡುಯಿನೋ ಟ್ರಾನ್ಸಿಸ್ಟರಿಗೆ, ಟ್ರಾನ್ಸಿಸ್ಟರ್ ರಿಲೇಗೆ, ರಿಲೇ ಕಾಂಟ್ಯಾಕ್ಟರಿಗೆ, ಕಾಂಟ್ಯಾಕ್ಟರ್ ಮೋಟರಿಗೆ. ಈಗ ನಿಜವಾಗಿ ಅಂಚೆಯಾಯಿತು.

ಒಂದು ತೊಂದರೆ ಹೋಗಿ ಇನ್ನೊಂದು ಬಂತು. ಕಾಂಟ್ಯಾಕ್ಟರ್ ಬಿಟ್ಟ ಕೂಡಲೇ ಆರ್ಡುಯಿನೋ ರೀಸೆಟ್ ಆಗತೊಡಗಿತು. ಅದರ ಕಾಯಿಲೂ ಬಡಿಯುತ್ತದೆ, ಆದರೆ ಎಸಿ ಆದ್ದರಿಂದ ಡಯೋಡ್ ಹಾಕುವಂತಿಲ್ಲ. 100 ಓಮ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸಾಲಾಗಿ ಜೋಡಿಸಿದ ಸ್ನಬ್ಬರ್, ಅಂದರೆ ಆ ಬಡಿತ ಹೀರಿಕೊಳ್ಳುವ ಜೋಡಿ, ಬೇಕು. ಕೆಪಾಸಿಟರ್ ಮೇಲೆ ಎಕ್ಸ್2, 275 ವೋಲ್ಟ್ ಎಸಿ ಅಂತ ಇರಲೇಬೇಕು. ಬೇರೆ ಕೆಪಾಸಿಟರ್ ಮೈನ್ಸಿನಲ್ಲಿ ಒಡೆದು ಬೆಂಕಿ ಹತ್ತಬಹುದು. ಮೊದಲು ಇದನ್ನು ರಿಲೇ ಕಾಂಟ್ಯಾಕ್ಟಿಗೆ ಅಡ್ಡ ಹಾಕಿದ್ದೆ. ರಿಲೇ ಆಫ್ ಇದ್ದರೂ ಪೆಟ್ಟಿಗೆಯ ಇಂಡಿಕೇಟರ್ ಮಿಣುಕುತ್ತಿತ್ತು. 50 ಹರ್ಟ್ಸಿನಲ್ಲಿ ಆ ಕೆಪಾಸಿಟರ್ ಮೂಲಕವೇ 7 ಮಿಲಿಆಂಪ್ ಸೋರುತ್ತದೆ. ತೆಗೆದು ಕಾಂಟ್ಯಾಕ್ಟರಿನ ಎ1 ಎ2 ಮೇಲೆ ಹಾಕಿದೆ. ಜೊತೆಗೆ ಫ್ಲೋಟಿನ ಲ್ಯಾನ್ ಕೇಬಲನ್ನು ಮೈನ್ಸ್ ತಂತಿಯಿಂದ ದೂರ ಎಳೆದೆ. ಗುಡುಗು ಸಿಡಿಲಿನ ಊರು ನಮ್ಮದು, ಅಷ್ಟುದ್ದದ ತಂತಿ ಹಿಡಿದು ತರುವುದನ್ನು ನೇರ ಚಿಪ್ಪಿಗೆ ಬಿಡಬಾರದು ಅಂತ ಪಿಸಿ817 ಆಪ್ಟೋ ಹಾಕಿದೆ, ಅದು ತಂತಿಗೆ ತಂತಿ ಮುಟ್ಟಿಸದೆ ಬೆಳಕಿನಲ್ಲಿ ಸುದ್ದಿ ದಾಟಿಸುತ್ತದೆ. ರೀಸೆಟ್ ಅಲ್ಲಿಗೆ ನಿಂತಿತು.

ಆಮೇಲೆ ವೋಲ್ಟೇಜ್. ನಮ್ಮದು ಲೈನಿನ ಕೊನೆ. ಸಂಜೆ ಏಳರ ಹೊತ್ತಿಗೆ ಎಷ್ಟೋ ದಿನ 185 ಕಂಡಿದ್ದೇನೆ. ಕಾಂಟ್ಯಾಕ್ಟರ್ ಕಾಯಿಲ್ ಎಳೆಯುವ ಭರವಸೆ ಇರುವುದು ಅದರ ವೋಲ್ಟೇಜಿನ ಶೇಕಡಾ 85ರವರೆಗೆ. 230ಕ್ಕೆ ಅದು 195 ವೋಲ್ಟ್. ಅದಕ್ಕಿಂತ ಕೆಳಗೆ ಏನಾಗುತ್ತದೆ ಅಂದರೆ, ಕಾಂಟ್ಯಾಕ್ಟರ್ ಎಳೆಯುತ್ತದೆ, ಮೋಟರ್ ಶುರುವಾಗಿ ವೋಲ್ಟೇಜನ್ನು ಇನ್ನೂ ಜಗ್ಗುತ್ತದೆ, ಕಾಂಟ್ಯಾಕ್ಟರ್ ಬಿಡುತ್ತದೆ, ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಟರ್ರ್ ಅನ್ನುವ ಆ ಸದ್ದು ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಒಂದು ನಿಮಿಷ ಹಾಗೇ ಬಿಟ್ಟರೆ ಎಂಥ ಕಾಂಟ್ಯಾಕ್ಟೂ ಸುಡುತ್ತದೆ. ನನ್ನ 12 ವೋಲ್ಟ್ ಅಡಾಪ್ಟರ್ 100 ವೋಲ್ಟಿನಲ್ಲೂ ನಡೆಯುವಂಥದ್ದು. ಹಾಗಾಗಿ ಸಣ್ಣ ರಿಲೇಗೆ ಈ ಗಲಾಟೆ ತಿಳಿಯುವುದೇ ಇಲ್ಲ, ಅದು ಗಟ್ಟಿಯಾಗಿ ಹಿಡಿದೇ ಇರುತ್ತದೆ. ಅದಕ್ಕೆ ಹಳೆಯ 9 ವೋಲ್ಟ್ ಟ್ರಾನ್ಸ್‌ಫಾರ್ಮರ್ ಒಂದರಿಂದ ಮೈನ್ಸ್ ಅಳೆಯುವ ಹಾಗೆ ಮಾಡಿದೆ. 210 ವೋಲ್ಟ್ ಇದ್ದರೆ ಮಾತ್ರ ಶುರು. ಓಡುವಾಗ 195ಕ್ಕೆ ಇಳಿದರೆ ಆಫ್, ಆಮೇಲೆ ಐದು ನಿಮಿಷ ಕಾಯಬೇಕು.

ಬೋರ್ಡಿನ ಬಗ್ಗೆಯೂ ಹೇಳಬೇಕು. ಚುಕ್ಕಿ ಬೋರ್ಡಿನಲ್ಲಿ ರಂಧ್ರಗಳ ನಡುವೆ 2.54 ಮಿಲಿಮೀಟರ್. 230 ವೋಲ್ಟಿಗೆ, ಅದೂ ಮಡಿಕೇರಿ ಸುತ್ತಲಿನ ಥಂಡಿಗೆ, ಇದು ತೀರಾ ಕಡಿಮೆ. ಇಲ್ಲಿ ಜುಲೈಯಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ, ಬೋರ್ಡ್ ಬಿಡುತ್ತದೆಯೇ? ಮೈನ್ಸ್ ಪಿನ್ನುಗಳ ಸುತ್ತ ಮೂರು ಮೂರು ಸಾಲು ತಾಮ್ರದ ಚುಕ್ಕಿ ಕೆರೆದು ತೆಗೆದು ಎಂಟು ಮಿಲಿಮೀಟರ್ ಬಯಲು ಬಿಟ್ಟೆ. ಬೆಸುಗೆಯ ಕಡೆ ಅಕ್ರಿಲಿಕ್ ಸ್ಪ್ರೇ ಎರಡು ಕೋಟ್ ಹೊಡೆದೆ. ರಬ್ಬರ್ ಅಂಚಿನ ಪೆಟ್ಟಿಗೆ, ತಂತಿಗಳೆಲ್ಲ ಕೆಳಗಿನಿಂದ ಒಳಕ್ಕೆ. ಒಳಹೋಗುವ ಮೊದಲು ತಂತಿ ಒಂದು ಬಳುಕು ಕೆಳಗೆ ಇಳಿದು ಏರಬೇಕು, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಅಂಗಡಿಯ ಸಿದ್ಧ ರಿಲೇ ಮಾಡ್ಯೂಲ್ ಬಳಸುವವರು ಜೆಡಿ-ವಿಸಿಸಿ ಜಂಪರ್ ನೋಡಿಕೊಳ್ಳಿ. ಅದು ಹಾಕಿಯೇ ಇದ್ದರೆ ಆರ್ಡುಯಿನೋ, ರಿಲೇ ಎರಡೂ ಕಡೆಗೆ ಒಂದೇ ಸಪ್ಲೈ, ಆಪ್ಟೋ ಇದ್ದೂ ಪ್ರಯೋಜನ ಇಲ್ಲ. ಮೋಟರ್ ಲೈನಿಗೆ ಎಂಸಿಬಿ (ಕರೆಂಟ್ ಮಿತಿಮೀರಿದರೆ ಬೀಳುವ ಸ್ವಿಚ್), 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್), ಸರಿಯಾದ ಅರ್ತ್ ಮೂರೂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಾನು ಆ ಭಾಗವನ್ನು ವೈರಿಂಗ್ ಅಣ್ಣನ ಕೈಯಲ್ಲೇ ಮಾಡಿಸಿದೆ.

ಆ ಜಡಿಮಳೆ ರಾತ್ರಿಯ ನಂತರ ನನ್ನನ್ನು ಕಾಡಿದ್ದು ಒಂದೇ ಮಾತು. ಟಿಕ್ ಅಂತ ಸದ್ದು ಬಂತು ಅಂದ ಮಾತ್ರಕ್ಕೆ ಕಾಂಟ್ಯಾಕ್ಟ್ ಬಿಟ್ಟಿದೆ ಅಂತಲ್ಲ. ಆಫ್ ಮಾಡು ಅಂತ ಹೇಳುವುದು ಬೇರೆ, ಆಫ್ ಆಗಿದೆ ಅಂತ ತಿಳಿಯುವುದು ಬೇರೆ. ನಾಳೆ ಕಾಂಟ್ಯಾಕ್ಟರೇ ಅಂಟಿಕೊಂಡರೆ? ಅದರ ಪಕ್ಕದಲ್ಲಿ 21, 22 ಅಂತ ನಂಬರ್ ಇರುವ ಸಣ್ಣ ಎನ್‌ಸಿ ಕಾಂಟ್ಯಾಕ್ಟ್ ಇದೆ, ಅಂದರೆ ಕಾಂಟ್ಯಾಕ್ಟರ್ ಸುಮ್ಮನಿದ್ದಾಗ ಮುಚ್ಚಿರುವುದು. ಮುಖ್ಯ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೆ ಇದು ಮುಚ್ಚಲು ಆಗದ ಹಾಗೆ ಕಟ್ಟಿದ ಕಾಂಟ್ಯಾಕ್ಟರ್ ಸಿಗುತ್ತದೆ, ಕೇಳಿ ಅದನ್ನೇ ತಗೊಳ್ಳಿ. ಅದರ ಮೂಲಕ 12 ವೋಲ್ಟ್, 1 ಕೆ, ಇನ್ನೊಂದು ಪಿಸಿ817. ಸುಮಾರು 11 ಮಿಲಿಆಂಪ್ ಹರಿಯುತ್ತದೆ. ಇಂಥ ಕಾಂಟ್ಯಾಕ್ಟಿಗೆ ತೀರಾ ಕಡಿಮೆ ಕರೆಂಟ್ ಕೊಟ್ಟರೆ ಮೇಲಿನ ಕೊಳೆ ದಾಟುವುದಿಲ್ಲ. ಆಫ್ ಅಂದ ಒಂದು ಸೆಕೆಂಡಿನಲ್ಲಿ ಎನ್‌ಸಿ ಮುಚ್ಚದಿದ್ದರೆ ಲ್ಯಾನ್ ಕೇಬಲಿನ ಉಳಿದ ಎಳೆಗಳಲ್ಲಿ ಮನೆಯ ಅಡುಗೆಮನೆಯ ಬಜರ್ ಕೂಗುತ್ತದೆ. ಕೂಗಿದರೆ ಏನು ಮಾಡಬೇಕು ಅಂತ ಅಮ್ಮ ಕೇಳಿದರು. ನನ್ನನ್ನು ಕರೆಯಮ್ಮಾ, ನೀನು ಇಳಿಯಬೇಡ ಅಂದೆ.

ಆಗಸ್ಟ್ ಮಧ್ಯದಲ್ಲಿ ಒಂದು ರಾತ್ರಿ ಅದು ಕೂಗಿತು. ಟಾರ್ಚ್ ಹಿಡಿದು ಇಳಿದೆ. ಮೋಟರ್ ನಿಂತಿತ್ತು, ಮುಖ್ಯ ಕಾಂಟ್ಯಾಕ್ಟ್ ತೆರೆದೇ ಇತ್ತು. ಮೈನ್ ಆಫ್ ಮಾಡಿ ಎನ್‌ಸಿ ತುದಿಗಳಿಗೆ ಮೀಟರ್ ಹಿಡಿದರೆ ದಾರಿ ಇಲ್ಲ. ಮುಚ್ಚಳ ತೆಗೆದು ನೋಡಿದೆ. ಎರಡು ಕಾಂಟ್ಯಾಕ್ಟಿನ ನಡುವೆ ಒಂದು ಕೆಂಪಿರುವೆ, ಚಪ್ಪಟೆಯಾಗಿ ಒಣಗಿತ್ತು. ಒಂದು ಕೇಬಲ್ ಗ್ಲ್ಯಾಂಡ್ ನಾನು ಸರಿಯಾಗಿ ಬಿಗಿದಿರಲಿಲ್ಲ, ಅಲ್ಲಿಂದ ಸಾಲು ಹಿಡಿದು ಬಂದಿವೆ.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಕಂಪ್ಯೂಟರಿನ ಒಂದು ರಿಲೇಯಲ್ಲಿ ಪತಂಗ ಸಿಕ್ಕಿತ್ತು. ಆ ಯಂತ್ರ ಓಡುತ್ತಿದ್ದುದೇ ರಿಲೇಗಳ ಮೇಲೆ. ಕೆಲಸಗಾರರು ಆ ಪತಂಗವನ್ನು ಲಾಗ್ ಪುಸ್ತಕದ ಹಾಳೆಗೆ ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ಹೊತ್ತು ಬರೆದಿಟ್ಟರು. ನಾನೂ ಇರುವೆಯನ್ನು ಚಿಮಟದಲ್ಲಿ ಎತ್ತಿ ನೋಟ್‌ಬುಕ್ಕಿನ ಅವತ್ತಿನ ಹಾಳೆಗೆ ಟೇಪ್ ಹಾಕಿ ಅಂಟಿಸಿದೆ. ಪಕ್ಕದಲ್ಲಿ ಬರೆದೆ: ರಾತ್ರಿ 10:40, ಎನ್‌ಸಿ 21-22, ಕೆಂಪಿರುವೆ. ಗ್ಲ್ಯಾಂಡ್ ಬಿಗಿದು, ಸಿಲಿಕೋನ್ ಹಚ್ಚಿ, ಮೈನ್ ಆನ್ ಮಾಡಿದೆ. ಮೂರು ನಿಮಿಷ ಕಾದೆ. ಮೊದಲು ಸಣ್ಣ ಟಿಕ್, ಹಿಂದೆಯೇ ಕಾಂಟ್ಯಾಕ್ಟರಿನ ಠಕ್, ಆಮೇಲೆ ಪೈಪಿನಲ್ಲಿ ನೀರು ಏರುವ ಸದ್ದು.